ಅಭಿಮಾನಿ ತಂದ ಮೂರು ದಿನದ ಜ್ವರ!

ಬೆಳ್ಳಿತೆರೆಯ ಚೆಲುವೆಯರ ಪಟ್ಟಿ ಬರೆಯೋಕೆ ಕೂತರೆ ಹಾಲಿವುಡ್ಡಿನ ಜೀನ್ ಟಿಯರ್ನಿಯನ್ನು ಬಿಟ್ಟು ಬರೆಯೋದು ಸಾಧ್ಯವೇ ಇಲ್ಲ. 1944ರಲ್ಲಿ ತೆರೆಕಂಡ 'ಲಾರಾ' ಚಿತ್ರ ನೋಡಿದ್ದೀರಾ? ಕೊಲೆಯ ತನಿಖೆಗೆ ಬಂದ ಪತ್ತೇದಾರ, ಗೋಡೆಗೆ ತೂಗುಹಾಕಿದ ಆಕೆಯ ಭಾವಚಿತ್ರವನ್ನು ನೋಡಿ ನೋಡಿಯೇ ಮನಸ್ಸು ಕಳೆದುಕೊಳ್ಳುತ್ತಾನೆ. ನೋಡುತ್ತಾ ಕೂತ ನಾವೂ ಅಷ್ಟೆ! ಮರುವರ್ಷ ಬಂದ 'ಲೀವ್ ಹರ್ ಟು ಹೆವನ್' ಚಿತ್ರಕ್ಕೆ ಆಕೆಯ ಹೆಸರು ಆಸ್ಕರ್ ಶ್ರೇಷ್ಠ ನಟಿ ಪ್ರಶಸ್ತಿಯ ಪಟ್ಟಿಗೂ ಹೋಯಿತು.

ತೆರೆಯ ಮೇಲೆ ಅಷ್ಟೊಂದು ಬೆಳಕು. ತೆರೆಯ ಹಿಂದೆ?

ಬರೀ ಕತ್ತಲು. ಆ ಕತ್ತಲನ್ನು ತಂದವರು ಖಳನಾಯಕರಲ್ಲ, ವೈರಿಗಳಲ್ಲ, ನಿರ್ಮಾಪಕರೂ ಅಲ್ಲ. ಒಬ್ಬ ಅಭಿಮಾನಿ! ಆಕೆಯನ್ನು ಒಮ್ಮೆ ಕಣ್ಣಾರೆ ನೋಡಿದರೆ ಸಾಕು ಅಂತ ಹಂಬಲಿಸಿದ್ದ ಅಭಿಮಾನಿ!

ಬಸ್ಸು ಹೊರಡೋಕೆ ಇನ್ನೂ ಹೊತ್ತಿದೆ ತಾನೆ? ಹಾಗಾದರೆ ಪೂರ್ತಿ ಓದಿ. ಮದುವೆ ಆದವರು, ಆಗಲಿರೋರು, ಮನೆಯಲ್ಲಿ ಅಕ್ಕ, ತಂಗಿ, ಅತ್ತಿಗೆ ಇರೋರು... ಎಲ್ಲರೂ ಓದಬೇಕಾದ ಕಥೆ ಇದು.

ಕ್ಯಾಂಟೀನಿನ ಆ ಒಂದು ರಾತ್ರಿ

ಎರಡನೇ ಮಹಾಯುದ್ಧದ ಕಾಲ. ಅಮೆರಿಕದ ಹುಡುಗರು ಸೈನ್ಯಕ್ಕೆ ಸೇರಿ ಸಾಲುಸಾಲಾಗಿ ಹಡಗು ಹತ್ತುತ್ತಿದ್ದರು. ಯುದ್ಧಕ್ಕೆ ಹೋಗೋ ಮುಂಚೆ ಅವರಿಗೆ ಒಂದಿಷ್ಟು ಊಟ, ಒಂದಿಷ್ಟು ಸಂತೋಷ ಸಿಗಲಿ ಅಂತ ನಟಿ ಬೆಟ್ಟಿ ಡೇವಿಸ್, ನಟ ಜಾನ್ ಗಾರ್‌ಫೀಲ್ಡ್ ಮುಂದೆ ನಿಂತು 1942ರ ಅಕ್ಟೋಬರಿನಲ್ಲಿ 'ಹಾಲಿವುಡ್ ಕ್ಯಾಂಟೀನ್' ತೆರೆದರು. ಸಮವಸ್ತ್ರವೇ ಒಳಗೆ ಹೋಗೋ ಟಿಕೆಟ್ಟು. ಬಡಿಸೋರು ಯಾರು ಅಂತೀರಿ? ಸಾಕ್ಷಾತ್ ತಾರೆಯರು! ಅವರ ಜೊತೆ ಎರಡು ಮಾತು, ಒಂದು ಕುಣಿತ, ಒಂದು ಆಟೋಗ್ರಾಫ್. ಯಾವ ಅಭಿಮಾನಿ ಬಿಡ್ತಾನೆ ಹೇಳಿ?

1943ರಲ್ಲಿ ಜೀನ್ ಟಿಯರ್ನಿಯೂ ಒಂದು ರಾತ್ರಿ ಅಲ್ಲಿಗೆ ಹೋದಳು. ಆಗ ಆಕೆಗೆ ಇನ್ನೂ 22 ವರ್ಷ. ಗಂಡ ಒಲೆಗ್ ಕಸೀನಿ ವಸ್ತ್ರವಿನ್ಯಾಸಕ. ಮುಂದೆ ಅಧ್ಯಕ್ಷ ಕೆನಡಿಯ ಹೆಂಡತಿ ಜಾಕ್ವೆಲಿನ್‌ಗೆ ಉಡುಪು ರೂಪಿಸಿ ಹೆಸರಾದವನು ಇವನೇ. ಜೀನ್ ಆಗ ಚೊಚ್ಚಲ ಬಸುರಿ. ಕ್ಯಾಂಟೀನಿಗೆ ಹೋಗಿಬಂದ ಮೇಲೆ ಮೈಮೇಲೆ ಕೆಂಪು ಕೆಂಪು ಗುಳ್ಳೆ ಎದ್ದವು. ಡಾಕ್ಟರು ನೋಡಿ 'ಜರ್ಮನ್ ದಡಾರ' ಅಂದರು. ಅದೇ ರುಬೆಲ್ಲಾ. ಮೂರು ದಿನದ ಜ್ವರ, ಬಂದಹಾಗೇ ಹೋಯಿತು.

ಹೋಗಲಿಲ್ಲ, ಸ್ವಾಮಿ! ಹೋದಹಾಗೆ ನಟಿಸಿತು ಅಷ್ಟೆ.

1943ರ ಅಕ್ಟೋಬರ್ 15ರಂದು ವಾಷಿಂಗ್ಟನ್‌ನಲ್ಲಿ ದಿನ ತುಂಬುವ ಮೊದಲೇ ಮಗು ಹುಟ್ಟಿತು. ಹೆಣ್ಣು ಮಗು, ಹೆಸರು ಡೇರಿಯಾ. ತೂಕ ಒಂದೂವರೆ ಕಿಲೋ ಕೂಡ ಇಲ್ಲ. ಹುಟ್ಟಿದ ಕೂಡಲೇ ಮೈಯ ರಕ್ತವನ್ನೆಲ್ಲ ಬದಲಾಯಿಸಬೇಕಾಯಿತು. ಆಮೇಲೆ ಒಂದೊಂದಾಗಿ ಗೊತ್ತಾಗುತ್ತಾ ಹೋಯಿತು. ಮಗುವಿಗೆ ಕಿವಿ ಕೇಳಿಸದು. ಕಣ್ಣಿಗೆ ಪೊರೆ, ಅರ್ಧಂಬರ್ಧ ದೃಷ್ಟಿ. ಬುದ್ಧಿ ವಯಸ್ಸಿಗೆ ತಕ್ಕಂತೆ ಬೆಳೆಯಲೇ ಇಲ್ಲ. ಚಿಕಿತ್ಸೆಯ ಖರ್ಚಿಗೆ ಕೋಟ್ಯಧಿಪತಿ ನಿರ್ಮಾಪಕ ಹೊವಾರ್ಡ್ ಹ್ಯೂಸ್ ಹಣ ಕೊಟ್ಟ. ಆದರೆ ಹಣದಿಂದ ವಾಸಿಯಾಗೋ ಕಾಯಿಲೆಯೇ ಅದು? ಡೇರಿಯಾ ತನ್ನ ಬಾಳಿನ ಬಹುಭಾಗವನ್ನು ಇಂಥ ಮಕ್ಕಳನ್ನು ನೋಡಿಕೊಳ್ಳುವ ಸಂಸ್ಥೆಗಳಲ್ಲೇ ಕಳೆದಳು.

"ನೀವೇ ನನ್ನ ಮೆಚ್ಚಿನ ತಾರೆ!"

ಸ್ವಲ್ಪ ಕಾಲದ ಮೇಲೆ ಒಂದು ಟೆನಿಸ್ ಪಾರ್ಟಿ. ಅಲ್ಲಿ ಒಬ್ಬ ಹೆಂಗಸು ನಗುನಗುತ್ತಾ ಜೀನ್ ಹತ್ತಿರ ಬಂದಳು. ತಾನು ಆಗ ಮರೀನ್ ಪಡೆಯ ಮಹಿಳಾ ವಿಭಾಗದಲ್ಲಿದ್ದೆ ಅಂದಳು. ಶಿಬಿರದಲ್ಲಿ ರುಬೆಲ್ಲಾ ಹರಡಿತ್ತಂತೆ, ಹೊರಗೆ ಹೋಗಬಾರದು ಅಂತ ಕಟ್ಟಪ್ಪಣೆ ಇತ್ತಂತೆ. ಆದರೂ ಜೀನ್ ಬರ್ತಾಳೆ ಅಂತ ಗೊತ್ತಾಗಿ, ಮೈಯಲ್ಲಿ ಜ್ವರ ಇಟ್ಟುಕೊಂಡೇ ಕದ್ದು ಕ್ಯಾಂಟೀನಿಗೆ ಬಂದಿದ್ದಳಂತೆ! ಇದನ್ನೆಲ್ಲ ದೊಡ್ಡ ಸಾಹಸ ಅನ್ನೋಹಾಗೆ ಹೇಳಿಕೊಂಡಳು. ಅಷ್ಟು ಇಷ್ಟ ಆಕೆಗೆ ಜೀನ್ ಅಂದರೆ.

ಜೀನ್ ಏನು ಹೇಳಬೇಕು? ಏನೂ ಹೇಳಲಿಲ್ಲ. ಸುಮ್ಮನೆ ತಿರುಗಿ ನಡೆದುಬಿಟ್ಟಳು. 1979ರಲ್ಲಿ ಬರೆದ ಆತ್ಮಕಥೆಯಲ್ಲಿ ಆಕೆಯೇ ಇದನ್ನು ಹೇಳಿಕೊಂಡಿದ್ದಾಳೆ. ಮುಂದೆ ಗಂಡನಿಂದ ವಿಚ್ಛೇದನ, ಮನಸ್ಸಿನ ಕಾಯಿಲೆ, ಆಸ್ಪತ್ರೆ, ತಲೆಗೆ ವಿದ್ಯುತ್ ಕೊಡುವ ಚಿಕಿತ್ಸೆ... ಎಲ್ಲವನ್ನೂ ಆಕೆ ಅನುಭವಿಸಿದಳು. ಜೀನ್ 1991ರಲ್ಲಿ ತೀರಿಕೊಂಡಳು. ಡೇರಿಯಾ 2010ರಲ್ಲಿ.

ಈ ದುರಂತದ ನೆರಳು ಬೆಳ್ಳಿತೆರೆಗೂ ಬಂತು. ಅಗಾಥಾ ಕ್ರಿಸ್ಟಿ 1962ರಲ್ಲಿ ಬರೆದ ಒಂದು ಪತ್ತೇದಾರಿ ಕಾದಂಬರಿಯನ್ನು ಗೈ ಹ್ಯಾಮಿಲ್ಟನ್ 1980ರಲ್ಲಿ 'ದಿ ಮಿರರ್ ಕ್ರ್ಯಾಕ್ಡ್' ಅಂತ ಚಿತ್ರ ಮಾಡಿದ. ನಾಯಕಿ ಎಲಿಜಬೆತ್ ಟೇಲರ್. (ಚಿತ್ರ ನೋಡಬೇಕು ಅಂತಿರೋರು ಮುಂದಿನ ಎರಡು ಸಾಲು ಹಾರಿಸಿಬಿಡಿ!) ಅದರಲ್ಲೂ ಒಬ್ಬ ಅಭಿಮಾನಿ ಜರ್ಮನ್ ದಡಾರ ಬಂದಿದ್ದಾಗಲೇ ಮೇಕಪ್ ಬಳಿದುಕೊಂಡು ಹೋಗಿ ಬಸುರಿ ತಾರೆಯನ್ನು ಭೇಟಿಯಾಗಿರುತ್ತಾಳೆ. ವರ್ಷಗಳ ಮೇಲೆ ಆ ಮಾತು ಬಾಯಿಬಿಟ್ಟಾಗ ಕೊಲೆ ನಡೆಯುತ್ತದೆ. ಇದೇ ಕಾದಂಬರಿಯ ಎಳೆ ಹಿಡಿದು ರಿತುಪರ್ಣೊ ಘೋಷ್ 2003ರಲ್ಲಿ ಬಂಗಾಳಿಯಲ್ಲಿ 'ಶುಭ ಮಹೂರತ್' ತೆಗೆದರು. ಶರ್ಮಿಳಾ ಟಾಗೋರ್, ರಾಖಿ ಇಬ್ಬರೂ ಇದ್ದಾರೆ. ರಾಖಿಗೆ ರಾಷ್ಟ್ರಪ್ರಶಸ್ತಿಯೂ ಬಂತು.

ಅಂದಹಾಗೆ, ಕ್ರಿಸ್ಟಿ ಕಥೆಯ ತಾರೆಯ ಹೆಸರು ಮರೀನಾ ಗ್ರೆಗ್. ಈ 'ಗ್ರೆಗ್' ಅನ್ನೋ ಹೆಸರು ನೆನಪಿಟ್ಟುಕೊಳ್ಳಿ. ಈಗ ಬರುತ್ತೆ ಮತ್ತೆ.

ಕಣ್ಣಿನ ಡಾಕ್ಟರು ಹಿಡಿದ ಕಳ್ಳ

ಆಸ್ಟ್ರೇಲಿಯಾದ ಸಿಡ್ನಿ ನಗರದಲ್ಲಿ ನಾರ್ಮನ್ ಗ್ರೆಗ್ ಅಂತ ಒಬ್ಬ ಕಣ್ಣಿನ ವೈದ್ಯರಿದ್ದರು. 1941ರ ಹೊತ್ತಿಗೆ ಅವರ ಹತ್ತಿರ ಸಾಲುಸಾಲಾಗಿ ಎಳೆ ಕೂಸುಗಳು ಬರತೊಡಗಿದವು. ಎಲ್ಲಕ್ಕೂ ಹುಟ್ಟುವಾಗಲೇ ಕಣ್ಣಿನಲ್ಲಿ ಪೊರೆ! ಮುದುಕರಿಗೆ ಬರೋ ಪೊರೆ ಹಸುಗೂಸಿಗೆ ಯಾಕೆ? ಪತ್ತೇದಾರಿ ಚಿತ್ರದ ಇನ್ಸ್‌ಪೆಕ್ಟರ್ ಹಾಗೆ ಗ್ರೆಗ್ ಒಬ್ಬೊಬ್ಬ ತಾಯಿಯ ಹಿಂದಿನ ಕಥೆ ಕೇಳಿದರು. ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ ಉತ್ತರ. ಬಸುರಿನ ಮೊದಲ ತಿಂಗಳುಗಳಲ್ಲಿ ಜರ್ಮನ್ ದಡಾರ ಬಂದಿತ್ತು. ಅದರ ಹಿಂದಿನ ವರ್ಷ ಆಸ್ಟ್ರೇಲಿಯಾದಲ್ಲಿ ಆ ಜ್ವರ ಊರೂರಿಗೆ ಹರಡಿತ್ತು.

ಅಂಥ 78 ಮಕ್ಕಳ ಲೆಕ್ಕ ಇಟ್ಟುಕೊಂಡು ಗ್ರೆಗ್ 1941ರ ಅಕ್ಟೋಬರ್ 15ರಂದು ಮೆಲ್ಬರ್ನ್‌ನಲ್ಲಿ ವೈದ್ಯರ ಸಭೆಯಲ್ಲಿ ಪ್ರಬಂಧ ಓದಿದರು. ದಿನಾಂಕ ಗಮನಿಸಿದಿರಾ? ಅದಾಗಿ ಸರಿಯಾಗಿ ಎರಡು ವರ್ಷಕ್ಕೆ, ಅದೇ ಅಕ್ಟೋಬರ್ 15ರಂದೇ ಡೇರಿಯಾ ಹುಟ್ಟಿದ್ದು! ಕಳ್ಳ ಯಾರು ಅಂತ ಗೊತ್ತಾಗಿತ್ತು. ಆದರೆ ಹಿಡಿದು ಕಟ್ಟಿಹಾಕೋ ಹಗ್ಗ ಇನ್ನೂ ಸಿಕ್ಕಿರಲಿಲ್ಲ. ಪರೀಕ್ಷೆ ಇಲ್ಲ, ಲಸಿಕೆ ಇಲ್ಲ.

ಈ ರುಬೆಲ್ಲಾ ನಮ್ಮ ಕಡೆ ದಡಾರ, ಗೊಬ್ಬರ ಅಂತ ಕರೆಯೋ ಕಾಯಿಲೆಯ ಹಾಗೇ ಕಾಣುತ್ತೆ. ಆದರೆ ವೈರಸ್ಸು ಬೇರೆ. ಸಣ್ಣ ಜ್ವರ, ಮುಖದಿಂದ ಶುರುವಾಗಿ ಮೈಗೆ ಇಳಿಯೋ ಕೆಂಪು ಗುಳ್ಳೆ, ಕಿವಿಯ ಹಿಂದೆ ಗಂಟು. ಮೂರು ದಿನಕ್ಕೆ ಮಾಯ. ಕೆಮ್ಮಿದರೆ, ಸೀನಿದರೆ ಸಾಕು, ಇನ್ನೊಬ್ಬರಿಗೆ ಹತ್ತಿತು. ಗುಳ್ಳೆ ಏಳೋ ಒಂದು ವಾರ ಮೊದಲೇ ಹರಡೋಕೆ ಶುರು ಮಾಡುತ್ತೆ. ಎಷ್ಟೋ ಜನಕ್ಕೆ ಗುಳ್ಳೆಯೂ ಏಳಲ್ಲ, ಜ್ವರವೂ ಕಾಣಲ್ಲ. ಬಂದು ಹೋಗಿದ್ದೇ ಗೊತ್ತಾಗಲ್ಲ!

ನಮಗೆ ನಿಮಗೆ ಬಂದರೆ ನೆಗಡಿಯಷ್ಟೇ ಲೆಕ್ಕ. ಆದರೆ ಬಸುರಿಗೆ ಬಂದರೆ ವೈರಸ್ಸು ನೇರವಾಗಿ ಹೊಟ್ಟೆಯ ಕೂಸಿನ ಹತ್ತಿರ ಹೋಗುತ್ತೆ. ಕಣ್ಣು, ಕಿವಿ, ಹೃದಯ, ಮೆದುಳು ರೂಪುಗೊಳ್ಳೋ ಹೊತ್ತಿನಲ್ಲೇ ಒಳಗೆ ನುಗ್ಗಿ ಜೀವಕೋಶಗಳು ಬೆಳೆಯದಂತೆ ತಡೆಯುತ್ತೆ. ಮೊದಲ 12 ವಾರದಲ್ಲಿ ಸೋಂಕು ತಗುಲಿದರೆ ನೂರು ಕೂಸುಗಳಲ್ಲಿ ಸುಮಾರು 85ಕ್ಕೆ ಒಂದಲ್ಲ ಒಂದು ಊನ. ಗರ್ಭ ಇಳಿಯಬಹುದು, ಹೊಟ್ಟೆಯಲ್ಲೇ ಮಗು ಸಾಯಬಹುದು. 20 ವಾರ ದಾಟಿದ ಮೇಲೆ ಅಪಾಯ ಬಹಳ ಕಡಿಮೆ.

ಅಮೆರಿಕದಲ್ಲಿ 1964-65ರಲ್ಲಿ ಈ ಜ್ವರ ಕಾಡ್ಗಿಚ್ಚಿನಂತೆ ಹಬ್ಬಿತು. ಒಂದೂಕಾಲು ಕೋಟಿ ಜನಕ್ಕೆ ಬಂತು. 20 ಸಾವಿರ ಮಕ್ಕಳು ಊನ ಹೊತ್ತು ಹುಟ್ಟಿದವು. ಆಮೇಲೆ 1969ರಲ್ಲಿ ಅಲ್ಲಿ ಲಸಿಕೆ ಬಂತು. ಎಲ್ಲರಿಗೂ ಚುಚ್ಚಿದರು. 2015ರಲ್ಲಿ ಉತ್ತರ, ದಕ್ಷಿಣ ಅಮೆರಿಕ ಖಂಡಗಳಲ್ಲಿ ಸ್ಥಳೀಯವಾಗಿ ಹರಡೋ ರುಬೆಲ್ಲಾ ತೊಲಗಿತು ಅಂತ ಘೋಷಣೆ ಆಯಿತು. ಕಳ್ಳನಿಗೆ ಹಗ್ಗ ಬಿತ್ತು!

ನಮ್ಮ ಕರ್ನಾಟಕದ ಕಥೆ

"ಅದೆಲ್ಲ ಅಮೆರಿಕದ ಮಾತು, ನಮಗೇನು?" ಅಂತೀರಾ? ಇಲ್ಲೇ ಇರೋದು ಸ್ವಾರಸ್ಯ.

ನಮ್ಮ ದೇಶದ ಸರ್ಕಾರಿ ಲಸಿಕೆ ಪಟ್ಟಿಗೆ ದಡಾರದ ಸೂಜಿ ಬಂದಿದ್ದು 1985ರಲ್ಲಿ. ಆದರೆ ಅದು ಬರೀ ದಡಾರಕ್ಕೆ, ರುಬೆಲ್ಲಾಕ್ಕಲ್ಲ. "ನನಗೆ ಚಿಕ್ಕಂದಿನಲ್ಲಿ ದಡಾರದ ಸೂಜಿ ಹಾಕಿಸಿದ್ದಾರೆ, ಭಯ ಇಲ್ಲ" ಅನ್ನೋರು ತುಂಬಾ ಜನ. ಆ ಸೂಜಿ ಈ ರೋಗವನ್ನು ತಡೆಯಲ್ಲ.

ಎರಡಕ್ಕೂ ಸೇರಿದ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಶುರುವಾಗಿದ್ದು 2017ರ ಫೆಬ್ರವರಿಯಲ್ಲಿ. ಇಡೀ ದೇಶದಲ್ಲಿ ಮೊದಲ ಸುತ್ತಿಗೆ ಆರಿಸಿಕೊಂಡ ಕಡೆಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಜೊತೆಗೆ ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪ. ಶಾಲೆ ಶಾಲೆಗೆ ಹೋಗಿ 9 ತಿಂಗಳ ಕೂಸಿನಿಂದ 15 ವರ್ಷದೊಳಗಿನ ಮಕ್ಕಳವರೆಗೆ ಚುಚ್ಚಿದರು. ವೋಟು ಹಾಕಿದಹಾಗೆ ಬೆರಳಿಗೆ ಶಾಯಿ ಗುರುತು ಬೇರೆ! ಆಮೇಲಿನಿಂದ ಪ್ರತಿ ಮಗುವಿಗೂ 9 ತಿಂಗಳು ತುಂಬಿದಾಗ ಒಂದು, ಒಂದೂವರೆ ವರ್ಷದ ಹೊತ್ತಿಗೆ ಇನ್ನೊಂದು ಸಲ ಈ ಲಸಿಕೆ ಸರ್ಕಾರದಿಂದ ಪುಕ್ಕಟೆ.

ಈಗ ಬೆರಳು ಎಣಿಸಿ ಲೆಕ್ಕ ಹಾಕಿ. 2017ರಲ್ಲಿ 15 ದಾಟಿದ್ದವರು ಯಾರು? 2002ರ ಆರಂಭಕ್ಕಿಂತ ಮುಂಚೆ ಹುಟ್ಟಿದವರು. ಅಂದರೆ ನಿಮ್ಮ ಅಕ್ಕ, ನಿಮ್ಮ ಅತ್ತಿಗೆ, ನೀವು ನೋಡಿಬಂದ ಹುಡುಗಿ... ಬಹುಶಃ ನೀವೂ! ಅಭಿಯಾನದ ಸೂಜಿ ಇವರಿಗೆ ತಗುಲಲೇ ಇಲ್ಲ. ಇವರಲ್ಲಿ ಎಷ್ಟೋ ಜನಕ್ಕೆ ಚಿಕ್ಕಂದಿನಲ್ಲೇ ರುಬೆಲ್ಲಾ ಬಂದುಹೋಗಿ ಮೈಯಲ್ಲಿ ರಕ್ಷಣೆ ಹುಟ್ಟಿರುತ್ತೆ. ಇನ್ನು ಕೆಲವರು ಖಾಸಗಿ ಡಾಕ್ಟರ ಹತ್ತಿರ ಎಂಎಂಆರ್ ಸೂಜಿ ಹಾಕಿಸಿಕೊಂಡಿರುತ್ತಾರೆ. ಉಳಿದವರು? ಅವರ ಬಾಗಿಲಿಗೆ ಚಿಲಕವಿಲ್ಲ. ಯಾರು ಯಾವ ಗುಂಪಿನವರು ಅಂತ ಮುಖ ನೋಡಿ ಹೇಳೋಕಾಗಲ್ಲ. ರಕ್ತ ನೋಡಿದರೆ ಮಾತ್ರ ಗೊತ್ತು.

ಒಂದು ಪರೀಕ್ಷೆ, ಒಂದು ಸೂಜಿ, ಒಂದು ತಿಂಗಳು

ಈ ಪರೀಕ್ಷೆಯ ಹೆಸರು 'ರುಬೆಲ್ಲಾ ಐಜಿಜಿ'. ತೋಳಿನಿಂದ ಒಂದಿಷ್ಟು ರಕ್ತ ತೆಗೀತಾರೆ, ಅಷ್ಟೆ. ಮಗು ಬೇಕು ಅಂತ ಗಂಡ ಹೆಂಡತಿ ಯೋಚನೆ ಮಾಡೋ ಹೊತ್ತಿಗೇ, ಬಸುರಾಗೋಕೆ ಮುಂಚೆಯೇ ಇದನ್ನು ಮಾಡಿಸಬೇಕು.

ರಿಪೋರ್ಟಿನಲ್ಲಿ 'ಪಾಸಿಟಿವ್' ಅಂತ ಬಂದರೆ ಎದೆ ಒಡೆದುಕೊಳ್ಳಬೇಡಿ! ಈ ಪರೀಕ್ಷೆಯಲ್ಲಿ ಪಾಸಿಟಿವ್ ಅಂದರೆ ಸಿಹಿಸುದ್ದಿ. ಮೈಯಲ್ಲಿ ರಕ್ಷಣೆ ಇದೆ ಅಂತ ಅರ್ಥ. ನಿಶ್ಚಿಂತೆಯಿಂದ ಮುಂದುವರಿಯಬಹುದು. 'ನೆಗೆಟಿವ್' ಬಂದರೆ ರಕ್ಷಣೆ ಇಲ್ಲ, ಸೂಜಿ ಬೇಕು. ('ಐಜಿಎಂ' ಅನ್ನೋದು ಬೇರೆ ಪರೀಕ್ಷೆ, ಅದು ಈಗ ತಾನೇ ಸೋಂಕು ತಗುಲಿದೆಯಾ ಅಂತ ನೋಡೋಕೆ. ಎರಡನ್ನೂ ಕಲಸಿಕೊಳ್ಳಬೇಡಿ.)

ದೊಡ್ಡವರಿಗೆ ಸಾಮಾನ್ಯವಾಗಿ ಎಂಎಂಆರ್ ಲಸಿಕೆ ಕೊಡ್ತಾರೆ. ಒಂದೇ ಸೂಜಿಗೆ ನೂರರಲ್ಲಿ 95ಕ್ಕಿಂತ ಹೆಚ್ಚು ಜನಕ್ಕೆ ರುಬೆಲ್ಲಾದಿಂದ ರಕ್ಷಣೆ ಸಿಗುತ್ತೆ. ಕೆಲವು ಹೆಂಗಸರಿಗೆ ಸ್ವಲ್ಪ ಜ್ವರ, ಕೆಲವು ದಿನ ಕೀಲುನೋವು ಬರಬಹುದು, ಹೋಗುತ್ತೆ. ಇದು ಶಕ್ತಿ ಕುಂದಿಸಿದ ಜೀವಂತ ವೈರಸ್ಸಿನ ಲಸಿಕೆ. ಅದಕ್ಕೇ ಸೂಜಿ ಹಾಕಿಸಿಕೊಂಡ ಮೇಲೆ ಕನಿಷ್ಠ ಒಂದು ತಿಂಗಳು ಬಸುರಾಗಬಾರದು. ಸಿನಿಮಾ ಭಾಷೆಯಲ್ಲಿ ಹೇಳೋದಾದರೆ... ಒಂದು ತಿಂಗಳ ಇಂಟರ್‌ವಲ್! ಆಮೇಲೆ ಶುಭಂ.

ಬಸುರಾದ ಮೇಲೆ ನೋಡ್ಕೊಂಡರಾಯ್ತು ಅಂದರೆ ಆಗಲ್ಲ. ಯಾಕೆ? ಬಸುರಿಗೆ ಈ ಲಸಿಕೆ ಕೊಡೋಹಾಗಿಲ್ಲ. ಮುಟ್ಟು ನಿಂತು, ಅನುಮಾನ ಬಂದು, ಡಾಕ್ಟರ ಹತ್ತಿರ ಹೋಗೋ ಹೊತ್ತಿಗೆ ಆರೇಳು ವಾರ ಕಳೆದೇ ಹೋಗಿರುತ್ತೆ. ಅಪಾಯದ 12 ವಾರದಲ್ಲಿ ಅರ್ಧ ರೀಲು ಮುಗಿದಹಾಗೆ! ಆಮೇಲೆ ರಕ್ಷಣೆ ಇಲ್ಲ ಅಂತ ಗೊತ್ತಾದರೆ ಮಾಡೋದು ಇಷ್ಟೇ: ಜ್ವರ, ಗುಳ್ಳೆ ಇರೋರ ಹತ್ತಿರ ಸುಳಿಯದಹಾಗೆ ಜೋಪಾನ ಮಾಡೋದು, ಹೆರಿಗೆಯಾದ ಮೇಲೆ ಸೂಜಿ ಹಾಕಿಸೋದು. ಹಾಲೂಡಿಸೋ ತಾಯಿಗೂ ಹಾಕಬಹುದು. ಬಸುರಾಗಿರೋದು ಗೊತ್ತಿಲ್ಲದೆ ಸೂಜಿ ಹಾಕಿಸಿಕೊಂಡುಬಿಟ್ಟರೆ ಗಾಬರಿ ಬೇಡ, ಗರ್ಭ ತೆಗೆಸೋ ಮಾತೂ ಬೇಡ. ಡಾಕ್ಟರಿಗೆ ತಿಳಿಸಿ ಸಾಕು.

ಗಂಡಸರಿಗೇನು ಕೆಲಸ?

"ಹೆಂಗಸರ ವಿಷಯ, ಹೆಂಗಸರೇ ನೋಡ್ಕೊಳ್ಳಲಿ" ಅಂತ ಪುಟ ತಿರುಗಿಸ್ತಿರೋ ಮಿತ್ರರೇ, ಒಂದು ನಿಮಿಷ! ಜಪಾನಿನ ಕಥೆ ಕೇಳಿ.

ಜಪಾನಿನವರೂ ಹಾಗೇ ಯೋಚನೆ ಮಾಡಿದರು. 1977ರಲ್ಲಿ ಶಾಲೆಯ ಹುಡುಗಿಯರಿಗೆ ಮಾತ್ರ ರುಬೆಲ್ಲಾ ಸೂಜಿ ಹಾಕಿಸಿದರು. ಹುಡುಗರಿಗೆ ಯಾಕೆ, ಅವರೇನು ಹೆರ್ತಾರಾ ಅಂತ. ಆ ಹುಡುಗರು ಬೆಳೆದು ದೊಡ್ಡವರಾದರು, ಆಫೀಸಿಗೆ ಹೋದರು, ರೈಲಿನಲ್ಲಿ ಒತ್ತಿಕೊಂಡು ಓಡಾಡಿದರು. 2013ರಲ್ಲಿ ಅಲ್ಲಿ ರುಬೆಲ್ಲಾ ಭುಗಿಲೆದ್ದಿತು. ಆ ಒಂದೇ ವರ್ಷ 14 ಸಾವಿರಕ್ಕೂ ಹೆಚ್ಚು ಜನಕ್ಕೆ ಬಂತು. ಹೆಚ್ಚಿನವರು ಯಾರು ಗೊತ್ತೇ? ದುಡಿಯೋ ವಯಸ್ಸಿನ ಗಂಡಸರು! ಆ ಅಲೆಯಲ್ಲಿ 45 ಕೂಸುಗಳು ಹುಟ್ಟುತ್ತಲೇ ರೋಗದ ಗುರುತು ಹೊತ್ತು ಬಂದವು. ಕೊನೆಗೆ 2019ರಿಂದ ಅಲ್ಲಿನ ಸರ್ಕಾರ, ಬಿಟ್ಟುಹೋಗಿದ್ದ ಆ ವಯಸ್ಸಿನ ಗಂಡಸರನ್ನೇ ಕರೆದು ಪುಕ್ಕಟೆ ರಕ್ತ ಪರೀಕ್ಷೆ, ಲಸಿಕೆ ಕೊಡೋಕೆ ಶುರು ಮಾಡಿತು.

ಗೊತ್ತಾಯ್ತಲ್ಲ? ಹೆರೋದು ಹೆಂಡತಿ ಇರಬಹುದು, ಮನೆಗೆ ಜ್ವರ ತರೋದು ನಾವೂ ಆಗಬಹುದು. ಆದ್ದರಿಂದ ಹೆಂಡತಿ ಜೊತೆ ಡಾಕ್ಟರ ಹತ್ತಿರ ಹೋದಾಗ ನಿಮಗೂ ಸೂಜಿ ಬೇಕಾ ಅಂತ ಕೇಳಿ. ಬೇಕಾದರೆ ತೋಳು ಚಾಚಿ. ಪೋಸ್ಟರಿಗೆ ಹಾಲು ಎರೆಯೋಕೆ ಏಣಿ ಹತ್ತೋ ಧೈರ್ಯ ಇರೋರಿಗೆ ಒಂದು ಸೂಜಿಗೆ ಭಯವೇ?

ಮನೆಯಲ್ಲಿ ಈ ಮಾತು ಎತ್ತೋದು ಸ್ವಲ್ಪ ಕಷ್ಟ, ಒಪ್ಪಿದೆ. "ನೋಡೇ, ನಿನ್ನದೊಂದು ರಕ್ತ ಪರೀಕ್ಷೆ ಮಾಡಿಸ್ಕೊಂಡು ಬರೋಣ" ಅಂದರೆ, "ಯಾಕ್ರೀ, ನನಗೇನಾಗಿದೆ?" ಅಂತ ಆಕೆ ಮುಖ ಸಣ್ಣ ಮಾಡಬಹುದು. ಒಳಗಿನಿಂದ ಅಮ್ಮನ ದನಿ ಬರಬಹುದು: "ನಾವೆಲ್ಲ ಹೆತ್ತಿಲ್ವೇನೋ? ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?" ಅದಕ್ಕೇ "ನಿನ್ನದು" ಅನ್ನಬೇಡಿ, "ನಮ್ಮದು" ಅನ್ನಿ. ಇಬ್ಬರೂ ಒಟ್ಟಿಗೆ ಹೋಗಿಬನ್ನಿ. ಅಮ್ಮನಿಗೆ ಅವರ ಕಾಲದ ಮಾತನ್ನೇ ನೆನಪಿಸಿ. ಮನೆಯಲ್ಲಿ ಯಾರಿಗಾದರೂ ಅಮ್ಮ ಎದ್ದರೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದರಲ್ಲ? ಅದನ್ನು ಕಂಡರೆ ಹೊರಗಿನವರು ಒಳಗೆ ಕಾಲಿಡುತ್ತಿರಲಿಲ್ಲ. ಅಂದರೆ ರೋಗ ದಾಟಬಾರದು ಅನ್ನೋ ಎಚ್ಚರ ನಮ್ಮ ಹಿರಿಯರಿಗೂ ಇತ್ತು. ಬೇವಿನ ಸೊಪ್ಪು ಹೊರಬಾಗಿಲು ಕಾಯುತ್ತಿತ್ತು, ಈ ಸೂಜಿ ಒಳಬಾಗಿಲು ಕಾಯುತ್ತೆ.

ಅಭಿಮಾನಿ ಮಿತ್ರರಿಗೆ ಕೊನೆಯದಾಗಿ ಒಂದು ಮಾತು. ಮೆಚ್ಚಿನ ನಟನ ಹೊಸ ಚಿತ್ರ ಬಂತು, ಮೊದಲ ದಿನ ಮೊದಲ ಆಟ ನೋಡಲೇಬೇಕು. ಸರಿ. ಆದರೆ ಮೈಯಲ್ಲಿ ಜ್ವರ, ಮುಖದ ಮೇಲೆ ಗುಳ್ಳೆ ಇದ್ದರೆ ಒಂದು ವಾರ ತಡೆದು ಹೋಗಿ. ಚಿತ್ರ ಎಲ್ಲಿಗೂ ಓಡಿಹೋಗಲ್ಲ. ಪಕ್ಕದ ಸೀಟಿನಲ್ಲಿ ಕೂತ ಹೆಣ್ಣುಮಗಳು ಬಸುರಿಯೋ ಅಲ್ಲವೋ ನಿಮಗೆ ಗೊತ್ತಿರಲ್ಲ. ಎಷ್ಟೋ ಸಲ ಆಕೆಗೇ ಗೊತ್ತಿರಲ್ಲ!

ಅಂದು ಕ್ಯಾಂಟೀನಿಗೆ ಕದ್ದು ಬಂದ ಆ ಹೆಂಗಸು ಕೆಟ್ಟವಳಲ್ಲ. ತಾನೇನು ಹೊತ್ತು ತಂದಿದ್ದೇನೆ ಅಂತ ಆಕೆಗೆ ಗೊತ್ತಿರಲಿಲ್ಲ. ಜೀನ್ ಟಿಯರ್ನಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಆ ಕಾಲದಲ್ಲಿ ಪರೀಕ್ಷೆ ಇರಲಿಲ್ಲ, ಸೂಜಿ ಇರಲಿಲ್ಲ. ಹಾಲಿವುಡ್ಡಿನ ಅಷ್ಟು ದೊಡ್ಡ ತಾರೆಗೆ, ಕೋಟ್ಯಧಿಪತಿಯ ಹಣಕ್ಕೆ ಸಿಗದೇ ಹೋದದ್ದು ಇವತ್ತು ನಮ್ಮ ಊರಿನ ಲ್ಯಾಬಿನಲ್ಲಿ, ನಮ್ಮ ಊರಿನ ಡಾಕ್ಟರ ಕೈಯಲ್ಲಿ ಸಿಗುತ್ತೆ. ತೊಟ್ಟಿಲು ಕಟ್ಟೋ ಆಸೆ ಇರೋರು ಹಗ್ಗ ಗಟ್ಟಿ ಇದೆಯಾ ಅಂತ ಮೊದಲು ಎಳೆದು ನೋಡ್ತಾರೆ. ಇದೂ ಅಷ್ಟೆ!